ಸ್ಲೋ ಕುಕರ್‌ನಲ್ಲಿ ಚಿಲ್ಲಿ: ಕೊಡಗಿನ ಮಳೆಗಾಲಕ್ಕೆ ಹೊಂದುತ್ತಾ?

ನಾಪೋಕ್ಲು_ತೋಟದಮನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವ ನನ್ನ ತಮ್ಮ ಈ ಸಲ ಬರುವಾಗ ಒಂದು ಸ್ಲೋ ಕುಕರ್ ತಂದುಕೊಟ್ಟಿದ್ದಾನೆ. ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಮುಂದೆ ಲೋ, ಹೈ, ವಾರ್ಮ್ ಅಂತ ತಿರುಗಿಸುವ ಒಂದು ಗುಂಡಿ. ಅಷ್ಟೇ. ಅಲ್ಲಿ ಚಳಿಗಾಲದಲ್ಲಿ ಇದರಲ್ಲೇ ಚಿಲ್ಲಿ ಮಾಡಿಕೊಂಡು ಊಟ ಮಾಡುತ್ತಾರಂತೆ. ಹೋಟೆಲಿನ ಚಿಲ್ಲಿ ಚಿಕನ್ ಅಲ್ಲ, ಮಾಂಸ, ಒಣಮೆಣಸು, ಜೀರಿಗೆ, ರಾಜ್ಮಾ ಹಾಕಿ ಗಂಟೆಗಟ್ಟಲೆ ಬೇಯಿಸಿದ ಗಟ್ಟಿ ಸಾರು. ತಮ್ಮ ಅದನ್ನು ಹೊಗಳಿದ್ದೇ ಹೊಗಳಿದ್ದು. ಅವನು ವಾಪಸ್ ಹೋಗುವ ಮೊದಲು ಒಂದು ದಿನ ಮಾಡಿಕೊಡಬೇಕು ಅಂತ ಆಸೆ.

ನನ್ನ ಪ್ರಶ್ನೆಗಳು ಇವು. ಅಲ್ಲಿ ದನದ ಮಾಂಸ ಹಾಕುತ್ತಾರೆ, ನಮ್ಮ ಮನೆಯಲ್ಲಿ ಅದು ಇಲ್ಲ. ಹಂದಿ ಹಾಕಿದರೆ ರುಚಿ ಬರುತ್ತಾ, ಕುರಿ ಒಳ್ಳೆಯದಾ? ರಾಜ್ಮಾ ನೆನೆಸಿ ನೇರವಾಗಿ ಕುಕರ್‌ಗೆ ಹಾಕಬಹುದಾ? ನಮ್ಮ ಕೊಡಗಿನ ಕಪ್ಪು ಹುಳಿ ಇದೆಯಲ್ಲ, ಕಾಚಂಪುಳಿ, ಅದು ಹಾಕಿದರೆ ಹಾಳಾಗುತ್ತಾ? ಇನ್ನೊಂದು ಮುಖ್ಯ ವಿಷಯ, ಇದು ಎಂಟು ಗಂಟೆ ಕರೆಂಟ್ ಕೇಳುತ್ತದೆ. ಆಟಿ ಮಳೆಯಲ್ಲಿ ನಮ್ಮ ಕಡೆ ಒಂದು ಮರ ಬಿದ್ದರೆ ಲೈನ್ ಹೋಯಿತು, ಯಾವಾಗ ಬರುತ್ತದೋ ದೇವರೇ ಬಲ್ಲ. ಮಧ್ಯದಲ್ಲಿ ನಿಂತರೆ ಏನು ಮಾಡಲಿ?

ವಿರಾಜಪೇಟೆ_ವೈರಿಂಗ್

ಅಕ್ಕ, ಅಡುಗೆ ಆಮೇಲೆ. ಮೊದಲು ಕುಕರನ್ನು ಬೋರಲು ಹಾಕಿ ಅಡಿಯಲ್ಲಿರುವ ತಗಡು ಓದಿ. ಅದರಲ್ಲಿ 120 ವೋಲ್ಟ್, 60 ಹರ್ಟ್ಸ್ ಅಂತ ಇದ್ದರೆ ನಮ್ಮ ಗೋಡೆಯ ಸಾಕೆಟ್‌ಗೆ ಹಾಕಲೇಬೇಡಿ. ನಮ್ಮದು 230 ವೋಲ್ಟ್. ಹೆಚ್ಚುಕಡಿಮೆ ಎರಡು ಪಟ್ಟು ವೋಲ್ಟೇಜ್ ಹೋದರೆ ಕಾವು ಎರಡು ಪಟ್ಟಲ್ಲ, ಮೂರೂವರೆ ಪಟ್ಟಿಗೂ ಜಾಸ್ತಿ ಆಗುತ್ತದೆ. ಕಾಯಿಲ್ ಸುಡುತ್ತದೆ, ಪಿಂಗಾಣಿ ಪಾತ್ರೆ ಸೀಳುತ್ತದೆ, ಬೆಂಕಿಯೂ ಹತ್ತಬಹುದು. ಪಿನ್ ಬದಲಾಯಿಸುವ ಅಡಾಪ್ಟರ್ ಹಾಕಿದರೆ ವೋಲ್ಟೇಜ್ ಬದಲಾಗುವುದಿಲ್ಲ. ಬಹಳ ಜನ ಇಲ್ಲೇ ಎಡವುತ್ತಾರೆ.

230 ವೋಲ್ಟನ್ನು 120ರ ಮಟ್ಟಕ್ಕೆ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಮನೆ ಬಳಕೆಯ ಸ್ಲೋ ಕುಕರ್ ಸಾಮಾನ್ಯವಾಗಿ 200ರಿಂದ 300 ವ್ಯಾಟ್ ಒಳಗೆ ಇರುತ್ತದೆ. ಗಂಟೆಗಟ್ಟಲೆ ಓಡಬೇಕಾದ್ದರಿಂದ 500 ವಿಎ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ, ಕಡಿಮೆಯದು ಬೇಡ. 50 ಹರ್ಟ್ಸ್ ಬಗ್ಗೆ ಚಿಂತೆ ಇಲ್ಲ, ಇದು ಸುಮ್ನೆ ಕಾಯುವ ಸಾಮಾನು, ಮೋಟಾರ್ ಇಲ್ಲ. ಟ್ರಾನ್ಸ್‌ಫಾರ್ಮರನ್ನು ಗೋಡೆಗೆ ತಾಗಿಸಿ ಇಡಬೇಡಿ. ಈ ಕಾಲದಲ್ಲಿ ನಮ್ಮ ಗೋಡೆಗಳು ಒದ್ದೆ ಅಲ್ವಾ, ಒಂದು ಒಣ ಮರದ ಹಲಗೆ ಮೇಲೆ ಇಡಿ.

ಸೋಮವಾರಪೇಟೆ_ಅಡುಗೆ

ವೈರಿಂಗ್ ಅಣ್ಣ ಸರಿಯಾದ ಜಾಗದಿಂದ ಶುರು ಮಾಡಿದರು. ನಾನು ಹಿಂದೆ ಕೆಲಸದ ಮೇಲೆ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಇದ್ದೆ. ಈ ಅಡುಗೆಯ ತವರೂರು ಅಂತ ಅಲ್ಲಿಯವರು ಎದೆ ತಟ್ಟಿ ಹೇಳುವ ಊರು ಅದು. 19ನೇ ಶತಮಾನದ ಕೊನೆಯಲ್ಲಿ ಅಲ್ಲಿನ ಚೌಕಗಳಲ್ಲಿ ಸಂಜೆ ಹೊತ್ತು ಮೆಕ್ಸಿಕನ್ ಮೂಲದ ಹೆಂಗಸರು ದೊಡ್ಡ ಪಾತ್ರೆಗಳಲ್ಲಿ ಚಿಲ್ಲಿ ತಂದು, ಲಾಟೀನು ಬೆಳಕಿನಲ್ಲಿ ಮೇಜು ಹಾಕಿ ಬಡಿಸುತ್ತಿದ್ದರು. ಅವರನ್ನು ಚಿಲ್ಲಿ ಕ್ವೀನ್ಸ್ ಅಂತ ಕರೆಯುತ್ತಿದ್ದರು. 1930ರ ದಶಕದಲ್ಲಿ ಊರಿನ ಆರೋಗ್ಯ ನಿಯಮಗಳು ಬಿಗಿಯಾಗಿ ಅವರ ಅಂಗಡಿಗಳು ಹೋದವು. 1977ರಲ್ಲಿ ಟೆಕ್ಸಸ್ ಚಿಲ್ಲಿಯನ್ನು ತನ್ನ ಅಧಿಕೃತ ಖಾದ್ಯ ಅಂತ ಘೋಷಿಸಿತು. ಆ ಹೆಂಗಸರ ಕೈಯಡುಗೆಗೆ ಸಿಕ್ಕ ಮರ್ಯಾದೆ ಅದು ಅಂತ ನಾನು ಅಂದುಕೊಂಡಿದ್ದೇನೆ.

ಟೆಕ್ಸಸ್‌ನವರು ರಾಜ್ಮಾ ಹಾಕುವುದಿಲ್ಲ. ಮಾಂಸ, ಮೆಣಸು, ಜೀರಿಗೆ, ಬೆಳ್ಳುಳ್ಳಿ, ಅಷ್ಟೇ. ಟೊಮೆಟೊ ಕೂಡ ಕೆಲವರಿಗೆ ಆಗದು. ಉಳಿದ ಅಮೆರಿಕದಲ್ಲಿ ರಾಜ್ಮಾ, ಟೊಮೆಟೊ ಎರಡೂ ಉಂಟು. ನಮ್ಮ ಮಳೆಗೆ, ಹಸಿವಿಗೆ ರಾಜ್ಮಾ ಇದ್ದರೇ ಹೊಟ್ಟೆ ತುಂಬುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಈಗ ಮಾಂಸದ ಮಾತು. ಗಂಟೆಗಟ್ಟಲೆ ಬೇಯಿಸಲು ಮೆತ್ತನೆಯ ತುಂಡು ಬೇಡ. ಹೆಚ್ಚು ಓಡಾಡಿ ದುಡಿದ ಭಾಗ ಬೇಕು: ಭುಜ, ಮುಂಗಾಲು, ಕುತ್ತಿಗೆ. ಅಲ್ಲಿ ನರ, ಪೊರೆ ಜಾಸ್ತಿ ಇರುತ್ತದೆ. ಅದು 70 ಡಿಗ್ರಿ ದಾಟಿದ ಮೇಲೆ ನಿಧಾನವಾಗಿ ಕರಗಿ ಅಂಟಂಟಾದ ರಸ ಆಗುತ್ತದೆ. ಚಿಲ್ಲಿಯ ಗಟ್ಟಿತನ ಅರ್ಧ ಅದರಿಂದಲೇ ಬರುವುದು. ಕೊಬ್ಬಿಲ್ಲದ ತೊಡೆಯ ತುಂಡನ್ನು ಎಂಟು ಗಂಟೆ ಬೇಯಿಸಿದರೆ ನಾರುನಾರಾಗಿ ಒಣಗುತ್ತದೆ, ಸುತ್ತ ಎಷ್ಟು ರಸ ಇದ್ದರೂ.

ಹಂದಿಯ ಭುಜ ಬಹಳ ಚೆನ್ನಾಗಿ ಒಗ್ಗುತ್ತದೆ. ಆದರೆ ನಮ್ಮ ಕೊಡಗಿನ ಹಂದಿ ಸಾರು ಪಂದಿ ಕರಿಗೆ ಹಾಕುವ ಹಾಗೆ ಚರ್ಮ, ಪೂರ್ತಿ ಕೊಬ್ಬು ಬೇಡ. ಇದರಲ್ಲಿ ಆವಿ ಹೊರಗೆ ಹೋಗುವುದಿಲ್ಲ, ಬಿಟ್ಟ ಕೊಬ್ಬು ಮೇಲೆ ಬೆರಳು ದಪ್ಪ ತೇಲುತ್ತದೆ. ಚರ್ಮ ತೆಗೆಸಿ, ಕೊಬ್ಬು ಸ್ವಲ್ಪ ಉಳಿಸಿಕೊಳ್ಳಿ. ಕುರಿಯಾದರೆ ಭುಜದ ಜೊತೆ ಒಂದೆರಡು ಎಲುಬು ಇರಲಿ.

ಕುಶಾಲನಗರ_ಕಿಚನ್

ನಮ್ಮ ಮನೆಯಲ್ಲಿ ಹಂದಿ ಇಲ್ಲ. ಕೋಣದ ಮಾಂಸದಲ್ಲಿ ಮಾಡಬಹುದಾ ಸರ್?

ಸೋಮವಾರಪೇಟೆ_ಅಡುಗೆ

ಧಾರಾಳವಾಗಿ. ಹಸು, ಎತ್ತು, ಕರು ಯಾವುದನ್ನೂ ನಮ್ಮ ರಾಜ್ಯದಲ್ಲಿ ಕಡಿಯುವಂತಿಲ್ಲ. 2020ರ ಕಾಯ್ದೆಯ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ, ಅದೂ ಅನುಮತಿ ಪಡೆದು. ಅಂದರೆ ಸಿಗುವುದು ವಯಸ್ಸಾದ ಪ್ರಾಣಿಯ ಮಾಂಸ. ಗಡಸು. ಸ್ಲೋ ಕುಕರ್‌ಗೆ ಅದು ಹೇಳಿ ಮಾಡಿಸಿದ್ದು. ಒಂದೆರಡು ಗಂಟೆ ಜಾಸ್ತಿ ಇಡಿ. ಎಮ್ಮೆ ಮಾಂಸದಲ್ಲಿ ಕೊಬ್ಬು ಕಡಿಮೆ, ಆದ್ದರಿಂದ ಹುರಿಯುವಾಗ ಎಣ್ಣೆ ಒಂದು ಚಮಚ ಹೆಚ್ಚಿಗೆ ಹಾಕಿ.

ಒಂದು ವಿನಂತಿ. ಯಾರ ಮನೆಯಲ್ಲಿ ಏನು ತಿನ್ನುತ್ತಾರೆ ಅನ್ನುವ ಜಗಳ ಇಲ್ಲಿ ಬೇಡ. ಅವರವರ ಮನೆ, ಅವರವರ ಪಾತ್ರೆ. ಅಡುಗೆ ಮಾತಾಡೋಣ.

ಲ್ಯಾಬ್_ಅಕ್ಕ

ರಾಜ್ಮಾ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅದೇ, ದಯವಿಟ್ಟು ಪೂರ್ತಿ ಓದಿ.

ನೆನೆಸಿದ ರಾಜ್ಮಾವನ್ನು ನೇರವಾಗಿ ಸ್ಲೋ ಕುಕರ್‌ಗೆ ಹಾಕಬೇಡಿ. ಕೆಂಪು ರಾಜ್ಮಾದಲ್ಲಿ ಫೈಟೋಹಿಮಾಗ್ಲುಟಿನಿನ್ ಅನ್ನುವ ಒಂದು ವಿಷದ ಅಂಶ ಇದೆ. ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಕುದಿಯದೆ ಬರೀ ಬೆಚ್ಚಗೆ ಬೆಂದರೆ ನಾಶವಾಗುವುದಿಲ್ಲ. 80 ಡಿಗ್ರಿಯಷ್ಟರಲ್ಲಿ ಅರೆಬೆಂದ ರಾಜ್ಮಾ ಹಸಿ ರಾಜ್ಮಾಕ್ಕಿಂತಲೂ ಹೆಚ್ಚು ಕೆಟ್ಟದು, ಐದು ಪಟ್ಟಿನವರೆಗೂ ವಿಷ ಜಾಸ್ತಿ ಆಗಬಹುದು. ಸ್ಲೋ ಕುಕರ್‌ನ ಲೋ ಕಾವು ಎಷ್ಟೋ ಸಲ ಆ ಮಟ್ಟದಲ್ಲೇ ಇರುತ್ತದೆ. ಕಾಳು ಮೆತ್ತಗಾಗಿ ಬೆಂದ ಹಾಗೆ ಕಾಣುತ್ತದೆ, ಆದರೆ ವಿಷ ಹೋಗಿರುವುದಿಲ್ಲ. ನಾಲ್ಕೈದು ಕಾಳು ಸಾಕು. ತಿಂದು ಒಂದರಿಂದ ಮೂರು ಗಂಟೆಯೊಳಗೆ ಹೊಟ್ಟೆ ತೊಳಸಿ ವಾಂತಿ, ಆಮೇಲೆ ಭೇದಿ. ಮಾಂಸ ಕೆಟ್ಟಿತ್ತು ಅಂತ ಎಲ್ಲರೂ ಮಾಂಸದ ಮೇಲೆ ಹಾಕುತ್ತಾರೆ.

ಸರಿಯಾದ ಕ್ರಮ ಇದು. ರಾತ್ರಿ ನೆನೆಸಿ, ಐದು ಗಂಟೆಗೆ ಕಡಿಮೆ ಬೇಡ. ನೆನೆಸಿದ ನೀರು ಚೆಲ್ಲಿ. ಹೊಸ ನೀರು ಹಾಕಿ 30 ನಿಮಿಷ ಕೊತಕೊತ ಕುದಿಸಿ. ಅದಕ್ಕಿಂತ ಒಳ್ಳೆಯದು ನಮ್ಮ ಪ್ರೆಶರ್ ಕುಕರ್. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಅಲ್ಲಿ ನೀರು ಕುದಿಯುವುದೇ 96 ಡಿಗ್ರಿ ಆಸುಪಾಸಿನಲ್ಲಿ. ಬೆಟ್ಟದ ಮೇಲೆ ತೆರೆದ ಪಾತ್ರೆಯಲ್ಲಿ ಕಾಳು ಬೇಯಲು ತಡ ಆಗುವುದು ಅದಕ್ಕೇ. ಪ್ರೆಶರ್ ಕುಕರ್ ಒಳಗೆ 115ರಿಂದ 120 ಡಿಗ್ರಿವರೆಗೆ ಏರುತ್ತದೆ, ಸಂಶಯವೇ ಉಳಿಯುವುದಿಲ್ಲ. ಕಾಳು ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸಿ, ಆಮೇಲೆ ಚಿಲ್ಲಿಗೆ ಸೇರಿಸಿ.

ಟೊಮೆಟೊ, ಹುಳಿ ಎಲ್ಲ ಕಾಳು ಬೆಂದ ಮೇಲೆ. ಹುಳಿ ಸೇರಿದರೆ ಕಾಳಿನ ಸಿಪ್ಪೆ ಬಿಗಿಯಾಗಿ ಬೇಯುವುದಿಲ್ಲ.

ಗೋಣಿಕೊಪ್ಪ_ಹುಡುಗಿ

ಅಯ್ಯೋ, ಇದು ಗೊತ್ತೇ ಇರಲಿಲ್ಲ. ಡಬ್ಬಿಯಲ್ಲಿ ಬರುವ ರಾಜ್ಮಾ ಪರವಾಗಿಲ್ವಾ ಅಕ್ಕ? ಅಲಸಂದೆ, ಅವರೆ ಹಾಕಿದರೂ ಹೀಗೇನಾ?

ಲ್ಯಾಬ್_ಅಕ್ಕ

ಡಬ್ಬಿಯದು ಕಾರ್ಖಾನೆಯಲ್ಲೇ ಪೂರ್ತಿ ಬೆಂದಿರುತ್ತದೆ, ತೊಳೆದು ಹಾಕಬಹುದು ಮಗಳೇ. ಬೇರೆ ಕಾಳುಗಳಲ್ಲೂ ಈ ಅಂಶ ಸ್ವಲ್ಪ ಇರುತ್ತದೆ, ಕೆಂಪು ರಾಜ್ಮಾದಲ್ಲಿ ಬಹಳ ಜಾಸ್ತಿ. ಯಾವ ಒಣ ಕಾಳನ್ನಾದರೂ ಮೊದಲು ಕುದಿಸಿಯೇ ಹಾಕುವ ಅಭ್ಯಾಸ ಒಳ್ಳೆಯದು.

ಮಡಿಕೇರಿ_ಮಂಜು

ಒಂದು ನೇರ ಪ್ರಶ್ನೆ. ಬೇಸರ ಮಾಡಬೇಡಿ. ರಾಜ್ಮಾಕ್ಕೆ ಹೇಗೂ ಪ್ರೆಶರ್ ಕುಕರ್ ತೆಗೆಯಬೇಕು. ಅದರಲ್ಲೇ ಮಾಂಸ ಹಾಕಿದರೆ ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತಲ್ಲ? ಎಂಟು ಗಂಟೆ ಕರೆಂಟ್ ಯಾಕೆ ಸುಡಬೇಕು?

ಸೋಮವಾರಪೇಟೆ_ಅಡುಗೆ

ಬೇಸರ ಯಾಕೆ, ಕೇಳಬೇಕಾದ ಪ್ರಶ್ನೆಯೇ ಇದು. ಪ್ರೆಶರ್ ಕುಕರ್‌ನಲ್ಲಿ ಚಿಲ್ಲಿ ಆಗುತ್ತದೆ. ಬೇಗ ಬೇಕಾದ ದಿನ ನಾನೂ ಅದರಲ್ಲೇ ಮಾಡುತ್ತೇನೆ. ಕರೆಂಟ್ ಖರ್ಚು ಭಯಪಡುವಷ್ಟಿಲ್ಲ, 200 ವ್ಯಾಟ್ ಕುಕರ್ ಎಂಟು ಗಂಟೆ ಓಡಿದರೆ ಹೆಚ್ಚೆಂದರೆ 1.6 ಯೂನಿಟ್.

ವ್ಯತ್ಯಾಸ ಇರುವುದು ಎರಡು ಕಡೆ. ಒಂದು, ಮಾಂಸ. ವಿಸಿಲ್ ಹಾಕಿದಾಗ ಒಳಗೆ ಜೋರಾಗಿ ಕುದ್ದು ತುಂಡಿನ ಅಂಚು ಪುಡಿಯಾಗುತ್ತದೆ, ನಡುವೆ ಬಿಗಿಯಾಗಿ ಉಳಿಯುತ್ತದೆ. ಒಂದು ವಿಸಿಲ್ ಹೆಚ್ಚಾದರೆ ಎಲ್ಲ ಚೂರುಚೂರು. ನಿಧಾನದಲ್ಲಿ ತುಂಡು ತುಂಡಾಗಿಯೇ ಇದ್ದು, ಚಮಚ ಒತ್ತಿದರೆ ಬಿಡಿಸಿಕೊಳ್ಳುತ್ತದೆ. ಇನ್ನೊಂದು, ಮನುಷ್ಯರ ಸಮಯ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಮನೆಯವರೆಲ್ಲ ಬೆಳಿಗ್ಗೆ ತೋಟಕ್ಕೆ ಹೋದರೆ ಸಂಜೆ ಬರುವುದು. ಬಂದು ಕೈಕಾಲು ತೊಳೆದು ಕೂತ ಕೂಡಲೇ ಬಿಸಿ ಊಟ ಇದ್ದರೆ ಅದರ ಬೆಲೆ ಅಡುಗೆಮನೆಯಲ್ಲಿ ನಿಲ್ಲುವವರಿಗೇ ಗೊತ್ತು.

ಈ ಸಾಮಾನು ಹುಟ್ಟಿದ್ದೂ ಅಂಥದ್ದೇ ಕಾರಣಕ್ಕೆ. ಇದನ್ನು ಕಂಡುಹಿಡಿದವರು ಇರ್ವಿಂಗ್ ನ್ಯಾಕ್ಸನ್, 1940ರಲ್ಲಿ ಪೇಟೆಂಟ್ ಸಿಕ್ಕಿತು. ಲಿಥುವೇನಿಯಾದ ಯಹೂದಿ ಮನೆಗಳಲ್ಲಿ ಶನಿವಾರ ಸಬ್ಬತ್ತಿನ ದಿನ ಒಲೆ ಹಚ್ಚುವಂತಿಲ್ಲ. ಅದಕ್ಕೆ ಕಾಳು, ಮಾಂಸ ತುಂಬಿದ ಪಾತ್ರೆಯನ್ನು ಶುಕ್ರವಾರ ಸಂಜೆ ಊರಿನ ಬೇಕರಿಯ ಒಲೆಯಲ್ಲಿ ಇಟ್ಟು ಬರುತ್ತಿದ್ದರು. ಒಲೆಯ ಉಳಿದ ಕಾವಿನಲ್ಲೇ ರಾತ್ರಿಯಿಡೀ ಬೇಯುತ್ತಿತ್ತು. ತಾಯಿ ಹೇಳಿದ ಈ ಕತೆ ಅವರ ತಲೆಯಲ್ಲಿ ಉಳಿಯಿತು. ಆಮೇಲೆ ರೈವಲ್ ಕಂಪನಿ ಅದನ್ನು ಕೊಂಡು 1971ರಲ್ಲಿ ಕ್ರಾಕ್‌ಪಾಟ್ ಅನ್ನುವ ಹೆಸರಲ್ಲಿ ಮಾರಿತು. ಹೊರಗೆ ದುಡಿಯಲು ಹೋಗುವ ಹೆಂಗಸರು ಅದನ್ನು ಮುಗಿಬಿದ್ದು ಕೊಂಡರು.

ಮಡಿಕೇರಿ_ಮಂಜು

ಒಪ್ಪಿದೆ. ಸಬ್ಬತ್ತಿನ ಕತೆ ಚೆನ್ನಾಗಿದೆ. ಈಗ ಮಾಡುವ ವಿಧಾನ ಬರೆಯಿರಿ, ಎಲ್ಲರೂ ಕಾಯುತ್ತಿದ್ದೇವೆ.

ಸೋಮವಾರಪೇಟೆ_ಅಡುಗೆ

ಆರು ಜನಕ್ಕೆ ಹೇಳುತ್ತೇನೆ.

ಮೂಳೆ ಇಲ್ಲದ ಮಾಂಸ ಒಂದು ಕೆಜಿ, ಒಂದು ಇಂಚಿನ ತುಂಡು. ಒಣ ರಾಜ್ಮಾ 200 ಗ್ರಾಂ, ಲ್ಯಾಬ್ ಅಕ್ಕ ಹೇಳಿದ ಹಾಗೆ ಬೇಯಿಸಿದ್ದು. ಬ್ಯಾಡಗಿ ಮೆಣಸಿನಕಾಯಿ 12, ಗುಂಟೂರು 3. ಜೀರಿಗೆ ಒಂದೂವರೆ ದೊಡ್ಡ ಚಮಚ. ದೊಡ್ಡ ಈರುಳ್ಳಿ 2, ಬೆಳ್ಳುಳ್ಳಿ 10 ಎಸಳು, ಟೊಮೆಟೊ 4. ಉಪ್ಪು, ಎಣ್ಣೆ, ಬೆಲ್ಲದ ಒಂದು ಸಣ್ಣ ಚೂರು.

ಮೆಣಸಿನ ಬಗ್ಗೆ ಎರಡು ಮಾತು. ಅಲ್ಲಿ ಆಂಚೋ ಅನ್ನುವ ಒಣಮೆಣಸು ಹಾಕುತ್ತಾರೆ. ಕಪ್ಪುಗೆಂಪು, ಸುಕ್ಕುಸುಕ್ಕು, ಖಾರ ಕಡಿಮೆ, ಸ್ವಲ್ಪ ಸಿಹಿ ವಾಸನೆ. ನಮ್ಮಲ್ಲಿ ಅದರ ಜಾಗಕ್ಕೆ ಬ್ಯಾಡಗಿಗಿಂತ ಹತ್ತಿರದ್ದು ಇಲ್ಲ. ಬಣ್ಣ ಬ್ಯಾಡಗಿಯಿಂದ, ಖಾರ ಗುಂಟೂರಿನಿಂದ. ಅಂಗಡಿಯ ಅಚ್ಚಖಾರದ ಪುಡಿ ಸುರಿಯಬೇಡಿ. ಅಮೆರಿಕದ ಅಡುಗೆ ಪುಸ್ತಕಗಳಲ್ಲಿ ಬರುವ ಚಿಲ್ಲಿ ಪೌಡರ್ ಅಂದರೆ ಮೆಣಸಿನ ಜೊತೆ ಜೀರಿಗೆ, ಓರೆಗಾನೊ, ಬೆಳ್ಳುಳ್ಳಿ ಸೇರಿದ ಮಸಾಲೆ. ಅಲ್ಲಿ ಮೂರು ದೊಡ್ಡ ಚಮಚ ಅಂತ ಬರೆದಿದ್ದಾರೆ ಅಂತ ಇಲ್ಲಿ ಮೂರು ಚಮಚ ಗುಂಟೂರು ಪುಡಿ ಹಾಕಿದರೆ ಯಾರೂ ಬಾಯಿಗಿಡಲು ಆಗುವುದಿಲ್ಲ.

ಮೆಣಸಿನ ಬೀಜ ಕೊಡವಿ ತೆಗೆದು, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿಯಿರಿ. ಕಪ್ಪಾದರೆ ಕಹಿ. ಬಿಸಿನೀರಲ್ಲಿ 20 ನಿಮಿಷ ನೆನೆಸಿ ನುಣ್ಣಗೆ ರುಬ್ಬಿ. ಜೀರಿಗೆ ಬೇರೆಯಾಗಿ ಹುರಿದು ಪುಡಿ ಮಾಡಿ.

ಮಾಂಸದ ನೀರು ಪೂರ್ತಿ ಒರೆಸಿ. ದಪ್ಪ ತಳದ ಬಾಣಲೆ ಚೆನ್ನಾಗಿ ಕಾದ ಮೇಲೆ ಎಣ್ಣೆ, ಆಮೇಲೆ ಮಾಂಸ. ಒಂದೇ ಸಲ ಎಲ್ಲ ಸುರಿಯಬೇಡಿ, ನೀರು ಬಿಟ್ಟು ಬೇಯಲು ಶುರುವಾಗುತ್ತದೆ. ಮೂರು ಸಲ ಮಾಡಿ. ಪ್ರತಿ ತುಂಡಿಗೂ ಕಂದು ಬಣ್ಣ ಬರಬೇಕು. ಈ ಕೆಲಸ ತಪ್ಪಿಸುವ ಆಸೆ ಎಲ್ಲರಿಗೂ ಬರುತ್ತದೆ, ಎಲ್ಲ ಒಟ್ಟಿಗೆ ಕುಕರ್‌ಗೆ ಹಾಕಿ ಗುಂಡಿ ತಿರುಗಿಸಿದರೆ ಸಾಕು ಅಂತ. ಸಾಕಾಗುವುದಿಲ್ಲ. ಹುರಿದ ಮಾಂಸದ ಆ ವಾಸನೆ ಹುಟ್ಟುವುದು 140 ಡಿಗ್ರಿ ಹತ್ತಿರ. ನೀರಿರುವ ಪಾತ್ರೆ 100 ದಾಟುವುದೇ ಇಲ್ಲ. ಎಂಟು ಗಂಟೆ ಅಲ್ಲ, ಎಂಟು ದಿನ ಇಟ್ಟರೂ ಆ ರುಚಿ ಕುಕರ್ ಒಳಗೆ ಹುಟ್ಟುವುದಿಲ್ಲ.

ಅದೇ ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಮೇಲೆ ಜೀರಿಗೆ ಪುಡಿ, ರುಬ್ಬಿದ ಮೆಣಸು. ಎಣ್ಣೆ ಬಿಡುವವರೆಗೆ ಬಾಡಿಸಿ. ಟೊಮೆಟೊ ಹಾಕಿ ಕರಗಿಸಿ. ತಳಕ್ಕೆ ಹಿಡಿದದ್ದನ್ನೆಲ್ಲ ಅರ್ಧ ಲೋಟ ನೀರು ಹಾಕಿ ಕೆರೆದು ಬಿಡಿಸಿ. ಅದನ್ನು ಚೆಲ್ಲಬೇಡಿ, ರುಚಿ ಇರುವುದೇ ಅಲ್ಲಿ. ಎಲ್ಲವನ್ನೂ ಸ್ಲೋ ಕುಕರ್‌ಗೆ ಹಾಕಿ, ಉಪ್ಪು, ಬೆಲ್ಲ ಸೇರಿಸಿ ಮುಚ್ಚಿ.

ನೀರು ಮಾಂಸದ ಅರ್ಧ ಮಟ್ಟಕ್ಕೆ ಬಂದರೆ ಸಾಕು. ನೋಡಿದರೆ ಕಡಿಮೆ ಅನ್ನಿಸುತ್ತದೆ. ಆದರೆ ಆವಿ ಮುಚ್ಚಳಕ್ಕೆ ತಾಗಿ ವಾಪಸ್ ಒಳಗೇ ಬೀಳುತ್ತದೆ, ಮಾಂಸ, ಟೊಮೆಟೊ ಬಿಡುವ ನೀರು ಬೇರೆ. ಪಾತ್ರೆ ಅರ್ಧದಿಂದ ಮುಕ್ಕಾಲಿನ ಒಳಗೆ ತುಂಬಿರಬೇಕು.

ಲೋದಲ್ಲಿ 8 ಗಂಟೆ, ಹೈಯಲ್ಲಾದರೆ 4ರಿಂದ 5. ಮುಚ್ಚಳ ತೆಗೆದು ತೆಗೆದು ನೋಡಬೇಡಿ. ಒಂದು ಸಲ ತೆಗೆದರೆ ಹೋದ ಕಾವು ಮರಳಿ ಬರಲು 20ರಿಂದ 30 ನಿಮಿಷ ಬೇಕು. ಕೊನೆಯ ಒಂದು ಗಂಟೆ ಇರುವಾಗ ಬೆಂದ ರಾಜ್ಮಾ ಸೇರಿಸಿ. ತೆಳ್ಳಗಿದೆ ಅನ್ನಿಸಿದರೆ ಎರಡು ಚಮಚ ಮೆಕ್ಕೆಜೋಳದ ಹಿಟ್ಟು ನೀರಲ್ಲಿ ಕಲಸಿ ಬಿಡಿ. ಅಂಗಡಿಯ ಬಿಳಿ ಕಾರ್ನ್‌ಫ್ಲೋರ್ ಅಲ್ಲ, ಹಳದಿ ಹಿಟ್ಟು. ಅದರ ವಾಸನೆ ಈ ಅಡುಗೆಗೆ ಸೇರಿದ್ದು.

ನಾಪೋಕ್ಲು_ತೋಟದಮನೆ

ಬಹಳ ಉಪಕಾರ ಆಯಿತು ಅಣ್ಣ, ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಓರೆಗಾನೊ ನಮ್ಮ ಸಂತೆಯಲ್ಲಿ ಸಿಗುವುದಿಲ್ಲ. ಪಿಜ್ಜಾ ಜೊತೆ ಬರುವ ಪೊಟ್ಟಣ ಇದೆ, ಅದು ಸಾಕಾ?

ಕಾಫಿ_ಹೂವು

ತೋಟದಮನೆ ಅಕ್ಕ, ಹಿತ್ತಲಲ್ಲಿ ದೊಡ್ಡಪತ್ರೆ ಇದೆಯಾ? ಮಕ್ಕಳಿಗೆ ಶೀತ ಆದಾಗ ರಸ ತೆಗೆಯುವ ದಪ್ಪ ಎಲೆ. ಅದರ ನಾಲ್ಕೈದು ಎಲೆ ಸಣ್ಣಗೆ ಹೆಚ್ಚಿ ಹಾಕಿ. ಓರೆಗಾನೊದ ಘಾಟು ಬರುವುದು ಕಾರ್ವಕ್ರೋಲ್ ಅನ್ನುವ ಎಣ್ಣೆಯಿಂದ, ದೊಡ್ಡಪತ್ರೆಯಲ್ಲೂ ಅದೇ ಇದೆ. ಕೊನೆಯ ಅರ್ಧ ಗಂಟೆಯಲ್ಲಿ ಹಾಕಿ, ಮೊದಲೇ ಹಾಕಿದರೆ ವಾಸನೆ ಸತ್ತುಹೋಗುತ್ತದೆ.

ಇನ್ನೊಂದು ಮಾತು. ಬಾಣಲೆ ಕೆರೆಯಲು ನೀರಿನ ಬದಲು ಅರ್ಧ ಲೋಟ ಕಾಫಿ ಡಿಕಾಕ್ಷನ್ ಹಾಕಿ. ಇದು ನಾನು ಹುಟ್ಟಿಸಿದ್ದಲ್ಲ, ಅಮೆರಿಕದಲ್ಲೂ ಚಿಲ್ಲಿಗೆ ಕಪ್ಪು ಕಾಫಿ ಹಾಕುವವರು ಬಹಳ ಜನ ಇದ್ದಾರೆ. ಮಾಂಸದ ರುಚಿ ಆಳವಾಗುತ್ತದೆ, ಕಾಫಿ ಅಂತ ಗೊತ್ತೂ ಆಗುವುದಿಲ್ಲ. ಆದರೆ ಚಿಕೋರಿ ಬೆರೆಸಿದ ಪುಡಿ ಬೇಡ, ಅದರ ಕಹಿ, ಅಂಟು ಸಿಹಿ ಎರಡೂ ಎದ್ದು ನಿಲ್ಲುತ್ತದೆ. ಮನೆಯ ತೋಟದ್ದೇ ಅರೇಬಿಕಾ ಹುರಿದು ಪುಡಿ ಮಾಡಿದ್ದು ಇದ್ದರೆ ಅದಕ್ಕಿಂತ ಒಳ್ಳೆಯದು ಏನಿದೆ. ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ನಾವೇ ನಮ್ಮ ಕಾಫಿಯನ್ನು ಅಡುಗೆಗೆ ಬಳಸದಿದ್ದರೆ ಹೇಗೆ?

ಸೋಮವಾರಪೇಟೆ_ಅಡುಗೆ

ದೊಡ್ಡಪತ್ರೆ ನನಗೆ ಹೊಳೆದಿರಲಿಲ್ಲ. ಬಹಳ ಚೆನ್ನಾಗಿರುತ್ತದೆ ಅನ್ನಿಸುತ್ತಿದೆ. ಪಿಜ್ಜಾ ಪೊಟ್ಟಣ ಬೇಡ ಅಕ್ಕ, ಅದರಲ್ಲಿ ಉಪ್ಪು ಮತ್ತು ಬೇರೆ ಏನೇನೋ ಸೇರಿರುತ್ತದೆ.

ಭಾಗಮಂಡಲ_ಮನೆಯೂಟ

ಕಾಚಂಪುಳಿ ಮಾತು ಹಾಗೇ ಉಳಿಯಿತು. ನನ್ನ ಅಭಿಪ್ರಾಯ: ಹಾಕಬೇಕು, ಆದರೆ ಕೊನೆಯಲ್ಲಿ, ಅರ್ಧ ಟೀ ಚಮಚ ಮಾತ್ರ. ಮಳೆಗಾಲದಲ್ಲಿ ಹಣ್ಣು ಉದುರಿದಾಗ ಆರಿಸಿ, ರಸ ಇಳಿಸಿ, ಕಪ್ಪಗೆ ಗಟ್ಟಿ ಆಗುವವರೆಗೆ ಕುದಿಸಿದ್ದು. ಅದರ ಹುಳಿ ನಿಂಬೆಯ ಹಾಗೆ ಬಂದು ಹೋಗುವುದಿಲ್ಲ, ನಾಲಿಗೆಯಲ್ಲಿ ನಿಲ್ಲುತ್ತದೆ. ಎಂಟು ಗಂಟೆ ಬೆಂದ ಕೊಬ್ಬಿನ ಅಡುಗೆಗೆ ಆ ಹುಳಿ ಬೇಕು, ಇಲ್ಲದಿದ್ದರೆ ನಾಲ್ಕು ತುತ್ತಿಗೆ ಮುಖ ಹೊಡೆಯುತ್ತದೆ. ಪಂದಿ ಕರಿಗೆ ಹಾಕುವಷ್ಟು ಧಾರಾಳವಾಗಿ ಹಾಕಿದರೆ ಮಾತ್ರ ಜೀರಿಗೆ, ಬ್ಯಾಡಗಿ ಎರಡೂ ಮುಳುಗಿ ಅರೆಬರೆ ಪಂದಿ ಕರಿ ಆಗುತ್ತದೆ. ಕರಿಮೆಣಸಿಗೂ ಇದೇ ಮಾತು, ಚಿಟಿಕೆ ಸಾಕು.

ಮಡಿಕೇರಿ_ಮಂಜು

ನನಗೆ ನಿಂಬೆಯೇ ಸರಿ ಅನ್ನಿಸುತ್ತದೆ. ಕಾಚಂಪುಳಿ ಬಿದ್ದ ಅಡುಗೆ ಯಾವುದೇ ಇರಲಿ, ನನ್ನ ನಾಲಿಗೆ ಪಂದಿ ಕರಿ ಅಂತಲೇ ಓದುತ್ತದೆ. ಸೂಜಿ ಮೆಣಸು ಮಾತ್ರ ಇರಲಿ, ಎರಡು ಜಜ್ಜಿ ಮೇಲೆ ಹಾಕಿದರೆ ಮಳೆಗೆ ಒಳ್ಳೆಯದು.

ಭಾಗಮಂಡಲ_ಮನೆಯೂಟ

ಒಂದು ಬಟ್ಟಲಿಗೆ ಅದು, ಒಂದು ಬಟ್ಟಲಿಗೆ ಇದು ಹಾಕಿ ನೋಡಿ ಮಂಜು. ಸೂಜಿ ಮೆಣಸಿಗೆ ನನ್ನದೂ ಒಪ್ಪಿಗೆ.

ವಿರಾಜಪೇಟೆ_ವೈರಿಂಗ್

ಕರೆಂಟ್ ಹೋಗುವ ವಿಷಯ ಬಾಕಿ ಇದೆಯಲ್ಲ. ಅಕ್ಕನ ಕುಕರ್ ತಿರುಗಿಸುವ ಗುಂಡಿಯದ್ದು. ಕರೆಂಟ್ ಹೋಗಿ ಬಂದರೆ ತಾನಾಗಿ ಮತ್ತೆ ಶುರುವಾಗುತ್ತದೆ. ಒತ್ತುವ ಡಿಜಿಟಲ್ ಗುಂಡಿ ಇದ್ದರೆ ಹೆಚ್ಚಿನವು ಆಫ್ ಆಗಿಯೇ ಉಳಿಯುತ್ತವೆ. ಗುಂಡಿಯದ್ದು ಅನುಕೂಲ, ಆದರೆ ನೀವು ತೋಟದಲ್ಲಿದ್ದರೆ ನಡುವೆ ಎಷ್ಟು ಹೊತ್ತು ನಿಂತಿತ್ತು ಅಂತ ಗೊತ್ತೇ ಆಗುವುದಿಲ್ಲ.

ಇನ್ವರ್ಟರ್‌ಗೆ ಹಾಕಬಹುದಾ ಅಂತ ಕೇಳುತ್ತಾರೆ. 150 ಎಎಚ್ ಬ್ಯಾಟರಿ ಒಂದು ಇದ್ದರೆ 250 ವ್ಯಾಟ್ ಕುಕರ್ ನಾಲ್ಕೈದು ಗಂಟೆ ಎಳೆಯಬಹುದು, ಬ್ಯಾಟರಿ ಹೊಸದಿದ್ದು ಬೇರೆ ಏನೂ ಹಚ್ಚದಿದ್ದರೆ. ರಾತ್ರಿ ದೀಪಕ್ಕೆ ಏನೂ ಉಳಿಯುವುದಿಲ್ಲ. ಮಳೆಗಾಲದಲ್ಲಿ ಆ ಬ್ಯಾಟರಿ ಮನೆಯ ದೀಪಕ್ಕೆ, ಫೋನಿಗೆ ಇರಲಿ ಅನ್ನುವುದು ನನ್ನ ಸಲಹೆ.

ಲ್ಯಾಬ್_ಅಕ್ಕ

ಅಣ್ಣ ಹೇಳಿದ ಗೊತ್ತೇ ಆಗುವುದಿಲ್ಲ ಅನ್ನುವ ಮಾತು ಬಹಳ ಮುಖ್ಯ. 5 ಡಿಗ್ರಿಯಿಂದ 60 ಡಿಗ್ರಿವರೆಗಿನ ಕಾವಿನಲ್ಲಿ ಸೂಕ್ಷ್ಮಜೀವಿಗಳು ವೇಗವಾಗಿ ಬೆಳೆಯುತ್ತವೆ. ಸ್ಲೋ ಕುಕರ್ ಅದನ್ನು ದಾಟುವುದೇ ನಿಧಾನ. ಅದಕ್ಕೇ ಫ್ರೀಜರಿನ ಗಟ್ಟಿ ಮಾಂಸವನ್ನು ಹಾಗೇ ಹಾಕಬಾರದು, ಫ್ರಿಜ್‌ನಲ್ಲಿ ಕರಗಿಸಿಯೇ ಹಾಕಬೇಕು. ಹುರಿದ ಬಿಸಿ ಮಾಂಸ, ಬಿಸಿ ಮಸಾಲೆ ಹಾಕಿ ಮೊದಲ ಒಂದು ಗಂಟೆ ಹೈಯಲ್ಲಿ ಇಟ್ಟು ಆಮೇಲೆ ಲೋಗೆ ತಂದರೆ ಆ ಹಂತ ಬೇಗ ದಾಟುತ್ತದೆ.

ಮನೆಯಲ್ಲೇ ಇದ್ದು ಕರೆಂಟ್ ಹೋದರೆ ಕಾಯುತ್ತಾ ಕೂರಬೇಡಿ. ಕೂಡಲೇ ಬೇರೆ ಪಾತ್ರೆಗೆ ಹಾಕಿ ಗ್ಯಾಸ್ ಮೇಲೋ ಸೌದೆ ಒಲೆಯ ಕೆಂಡದ ಮೇಲೋ ಬೇಯಿಸಿ ಮುಗಿಸಿ. ಪಿಂಗಾಣಿ ಪಾತ್ರೆಯನ್ನೇ ಉರಿಯ ಮೇಲೆ ಇಡಬೇಡಿ, ಒಡೆಯುತ್ತದೆ. ಅಡುಗೆ ಪೂರ್ತಿ ಬೆಂದ ಮೇಲೆ ಕರೆಂಟ್ ಹೋಗಿದ್ದರೆ ಎರಡು ಗಂಟೆಯೊಳಗೆ ಊಟ ಮಾಡಿ. ನೀವು ಹೊರಗಿದ್ದು, ನಡುವೆ ಎಷ್ಟು ಹೊತ್ತು ನಿಂತಿತ್ತು ಅಂತ ತಿಳಿಯದಿದ್ದರೆ ಆ ಅಡುಗೆ ತಿನ್ನಬೇಡಿ. ಈಗ ಬಿಸಿಯಾಗಿ ಕುದಿಯುತ್ತಿದ್ದರೂ ಬೇಡ. ಕೆಲವು ಸೂಕ್ಷ್ಮಜೀವಿಗಳು ಬಿಟ್ಟುಹೋದ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಒಂದು ಕೆಜಿ ಮಾಂಸ ಎಸೆಯುವುದು ಹೊಟ್ಟೆ ಉರಿಯುವ ಕೆಲಸ, ಗೊತ್ತು. ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದಾರೆ ಅಲ್ವಾ?

ಜೂನ್‌ನಿಂದ ಆಗಸ್ಟ್‌ವರೆಗೆ ಮನೆಯಲ್ಲಿ ಜನ ಇರುವ ದಿನ ಮಾತ್ರ ಮಾಡಿ. ಬಿಟ್ಟು ಹೋಗುವುದೆಲ್ಲ ಕುಯ್ಲಿನ ಕಾಲಕ್ಕೆ ಇರಲಿ.

ಗೋಣಿಕೊಪ್ಪ_ಹುಡುಗಿ

ಮಾಂಸ ತಿನ್ನದ ಗೆಳತಿಗೆ ಮಾಡಿಕೊಡಬೇಕು. ಬರೀ ರಾಜ್ಮಾ ಹಾಕಿದರೆ ಸಾಕಾ?

ಕಾಫಿ_ಹೂವು

ರಾಜ್ಮಾ ಜೊತೆ ಎಳೆ ಹಲಸಿನಕಾಯಿ ಬೇಯಿಸಿ ಬಿಡಿಸಿ ಹಾಕು, ಎಳೆ ಎಳೆಯಾಗಿ ಬಾಯಿಗೆ ಸಿಗುತ್ತದೆ. ಮಳೆಗಾಲ ಆದ್ದರಿಂದ ಅಣಬೆ ಸಿಕ್ಕರೆ ಅದನ್ನೂ ಹುರಿದು ಹಾಕಬಹುದು, ಗುರುತು ಚೆನ್ನಾಗಿ ಗೊತ್ತಿದ್ದವರು ಕಿತ್ತದ್ದಾದರೆ ಮಾತ್ರ. ಸಮಯ ಲೋದಲ್ಲಿ ನಾಲ್ಕು ಗಂಟೆ ಸಾಕು.

ನಾಪೋಕ್ಲು_ತೋಟದಮನೆ

ಎಲ್ಲರಿಗೂ ಒಂದು ಸುದ್ದಿ. ಭಾನುವಾರ ಮಾಡಿದೆ. ತಗಡಿನಲ್ಲಿ 120 ವೋಲ್ಟ್ ಅಂತಲೇ ಇತ್ತು, ವೈರಿಂಗ್ ಅಣ್ಣ ಹೇಳಿದ ಟ್ರಾನ್ಸ್‌ಫಾರ್ಮರ್ ತರಿಸಿದೆವು. ಹಂದಿ ಭುಜ, ಚರ್ಮ ತೆಗೆಸಿದ್ದು. ಡಿಕಾಕ್ಷನ್ ಹಾಕಿದೆ, ದೊಡ್ಡಪತ್ರೆ ಹಾಕಿದೆ. ಮಧ್ಯಾಹ್ನ ಕರೆಂಟ್ ಹೋಯಿತು. ಮನೆಯಲ್ಲೇ ಇದ್ದೆ, ದಪ್ಪ ತಳದ ಪಾತ್ರೆಗೆ ಬಗ್ಗಿಸಿ ಕೆಂಡದ ಮೇಲೆ ಇಟ್ಟು ಮುಗಿಸಿದೆ. ನೀರು ಹಾಕಿದ್ದು ಬಹಳ ಕಡಿಮೆ ಅಂತ ಅಮ್ಮನಿಗೆ ಭಯ ಇತ್ತು, ಆದರೆ ಕೊನೆಗೆ ಬೇಕಾದಷ್ಟು ರಸ ಬಂತು.

ತಮ್ಮ ಎರಡು ಸಲ ಬಡಿಸಿಕೊಂಡ. ಅಲ್ಲಿಯ ಚಿಲ್ಲಿಗೂ ಇದಕ್ಕೂ ಬಣ್ಣ ಒಂದೇ, ವಾಸನೆ ನಮ್ಮ ಮನೆಯದ್ದು ಅಂದ. ಅಮ್ಮ ಅಕ್ಕಿ ಒಟ್ಟಿ (ನಮ್ಮ ಕಡೆಯ ಅಕ್ಕಿ ರೊಟ್ಟಿ) ಮಾಡಿದ್ದರು, ಗಟ್ಟಿ ರಸಕ್ಕೆ ಅದು ಬಹಳ ಚೆನ್ನಾಗಿ ಹೊಂದಿತು. ಅಕ್ಕಿ ತರಿಯ ಉಂಡೆ ಕಡಂಬುಟ್ಟು ಮಾಡಿದ್ದರೆ ಸಾರು ಇನ್ನೂ ಸ್ವಲ್ಪ ಸಡಿಲ ಬೇಕಿತ್ತು ಅನ್ನಿಸಿತು. ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ ಸೊಪ್ಪು. ಕಾಚಂಪುಳಿ ಅರ್ಧ ಚಮಚ ಹಾಕಿದ್ದೆ ಭಾಗಮಂಡಲ ಅಕ್ಕ, ಅಷ್ಟೇ ಸರಿ.

ಸ್ವಲ್ಪ ಉಳಿದಿದೆ. ಇದನ್ನು ಮತ್ತೆ ಸ್ಲೋ ಕುಕರ್‌ನಲ್ಲೇ ಬಿಸಿ ಮಾಡಬಹುದಾ?

ಲ್ಯಾಬ್_ಅಕ್ಕ

ಬಹಳ ಖುಷಿ ಆಯಿತು. ಬಿಸಿ ಮಾಡಲು ಅದು ಬೇಡ, ಕಾವು ಏರುವುದು ತಡ. ಗ್ಯಾಸ್ ಮೇಲೆ ಪೂರ್ತಿ ಕುದಿಯುವವರೆಗೆ ಬಿಸಿ ಮಾಡಿ. ಇಡುವಾಗ ದೊಡ್ಡ ಪಾತ್ರೆಯಲ್ಲಿ ಹಾಗೇ ಇಡದೆ, ಸಣ್ಣ ಡಬ್ಬಿಗಳಿಗೆ ಹಂಚಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮೂರು ದಿನದಲ್ಲಿ ಮುಗಿಸಿ. ಕರೆಂಟ್ ಇಲ್ಲದೆ ಫ್ರಿಜ್ ನಾಲ್ಕು ಗಂಟೆಗಿಂತ ಜಾಸ್ತಿ ನಿಂತರೆ ಉಳಿಸಿಕೊಳ್ಳಬೇಡಿ.

ಕುಶಾಲನಗರ_ಕಿಚನ್

ನಾವು ಈ ಶುಕ್ರವಾರ ಕೋಣದ ಮಾಂಸದಲ್ಲಿ ಮಾಡುತ್ತಿದ್ದೇವೆ, ಹತ್ತು ಗಂಟೆ ಲೋದಲ್ಲಿ. ರಾಜ್ಮಾ ಗುರುವಾರ ರಾತ್ರಿಯೇ ನೆನೆಸುತ್ತೇನೆ. ಹೇಗೆ ಬಂತು ಅಂತ ಬರೆಯುತ್ತೇನೆ.